ಕ್ಯಾನ್ಸರ್ ಚಿಕಿತ್ಸೆಯಲ್ಲಿ ಯೋಗಾಭ್ಯಾಸದ ಸ್ಥಾನ

ಕಳೆದ ವರ್ಷ ಪದವಿ ತರಗತಿಯಲ್ಲಿ ಕ್ಷ-ಕಿರಣಗಳ ಪಾಠವನ್ನು ಮುಗಿಸಿ ಹೊರಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ನಮ್ಮನ್ನು ತಡೆದು ನಿಲ್ಲಿಸಿದನು. ಪಾಠದಲ್ಲಿ ಏನೋ ಸಂದೇಹ ಬಂದಿರಬೇಕೆಂದು ನಾವು ಭಾವಿಸಿದೆವು. ಅವನು ಕೇಳಿದ ಪ್ರಶ್ನೆಯೇ ಬೇರೆ. ಅವನ ತಾಯಿಯ ಎಡಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡು, ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಮುಗಿದಿದ್ದಿತು; ಕಿಮೋಥೆರಪಿ ಎಂದು ಜನರು ಕರೆಯುವ ರಾಸಾಯನಿಕ ಚಿಕಿತ್ಸೆಯೂ ಮುಗಿದಿದ್ದಿತು. ಇನ್ನು 15 ದಿನಗಳ ವಿಕಿರಣ ಚಿಕಿತ್ಸೆ ಬಾಕಿ. ಈ ನಡುವೆ ಹತ್ತಿರದ ಬಂಧುವೊಬ್ಬರು ಮನೆಗೆ ಬಂದು, "ಗಡ್ಡೆ ತೆಗೆದಾಯಿತಲ್ಲ, ಇನ್ನು ಆ ಸುಡುವ ಕಿರಣಗಳೇಕೆ? ಮೂರು ತಿಂಗಳು ಆಸನ, ಪ್ರಾಣಾಯಾಮ ಮಾಡಿಸಿ. ಉಳಿದದ್ದು ತಾನಾಗಿಯೇ ಹೋಗುತ್ತದೆ" ಎಂದು ಉಪದೇಶಿಸಿ ಹೋಗಿದ್ದರು. ವಾಂತಿಯಿಂದಲೂ ಆಯಾಸದಿಂದಲೂ ಬಸವಳಿದಿದ್ದ ಆ ತಾಯಿಯ ಮನಸ್ಸು ಆ ಕಡೆಗೇ ವಾಲುತ್ತಿದ್ದಿತು. "ಕಿರಣದ ವಿಷಯ ನಿಮಗೆ ಗೊತ್ತಲ್ಲ ಸಾರ್, ಯಾವುದು ಸರಿ ಹೇಳಿ" ಎಂದನು ಹುಡುಗ.

ನಾವು ವೈದ್ಯರಲ್ಲ. ಆ ಮಾತನ್ನು ಅವನಿಗೆ ಹೇಳಿದೆವು. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಎರಡು ದಿನಗಳ ಅವಧಿ ಕೇಳಿ, ದೊರೆತಷ್ಟನ್ನು ಓದಿ, ಅವನೊಡನೆ ಕುಳಿತು ಮಾತನಾಡಿದೆವು. ಆ ಮಾತುಕತೆಯೇ ಮುಂದೆ ಬೆಳೆದು ಈ ಲೇಖನವಾಗಿದೆ.

ಒಂದು ಪ್ರಶ್ನೆಯಲ್ಲ, ಎರಡು

"ಕ್ಯಾನ್ಸರಿಗೆ ಯೋಗ ಒಳ್ಳೆಯದೆ?" ಎಂದು ಕೇಳುವವರು ತಿಳಿಯದೆಯೇ ಎರಡು ಪ್ರಶ್ನೆಗಳನ್ನು ಒಂದೇ ಮಾತಿನಲ್ಲಿ ಹೆಣೆದಿರುತ್ತಾರೆ. ಯೋಗಾಭ್ಯಾಸವು ಕ್ಯಾನ್ಸರನ್ನು ಗುಣಪಡಿಸುವುದೆ ಎಂಬುದು ಒಂದು. ಕ್ಯಾನ್ಸರ್ ಚಿಕಿತ್ಸೆಯ ಬವಣೆಯನ್ನು ತಾಳಿಕೊಳ್ಳಲು ಯೋಗಾಭ್ಯಾಸವು ರೋಗಿಗೆ ನೆರವಾಗುವುದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ 'ಇಲ್ಲ' ಎಂಬುದು. ಎರಡನೆಯದಕ್ಕೆ 'ಹೌದು, ಇಂತಿಷ್ಟರ ಮಟ್ಟಿಗೆ' ಎಂಬುದು. ಇವೆರಡನ್ನು ಬೆರೆಸಿದರೆ ಪ್ರಾಣಕ್ಕೇ ಸಂಚಕಾರ ಬರುವುದುಂಟು.

ಇದು ಬರಿಯ ಹೆದರಿಕೆಯ ಮಾತಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಸ್ತನ, ಶ್ವಾಸಕೋಶ, ದೊಡ್ಡಕರುಳು, ಪ್ರಾಸ್ಟೇಟ್ ಗ್ರಂಥಿ ಇವುಗಳ ಕ್ಯಾನ್ಸರ್ ಇದ್ದು, ರೋಗವಿನ್ನೂ ದೂರದ ಅಂಗಗಳಿಗೆ ಹರಡಿರದಿದ್ದಾಗಲೇ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟು ಬೇರೆ ಪದ್ಧತಿಗಳನ್ನು ಮಾತ್ರ ಹಿಡಿದ 281 ರೋಗಿಗಳನ್ನು, ಅದೇ ಬಗೆಯ ರೋಗವಿದ್ದು ರೂಢಿಯ ಚಿಕಿತ್ಸೆ ಪಡೆದ 560 ಮಂದಿಯೊಡನೆ ಹೋಲಿಸಿ ನೋಡಲಾಯಿತು. ಮೊದಲನೆಯ ಗುಂಪಿನಲ್ಲಿ ಸಾವಿನ ಸಂಭವ ಎರಡೂವರೆ ಪಟ್ಟು. ಸ್ತನದ ಕ್ಯಾನ್ಸರನ್ನು ಮಾತ್ರ ತೆಗೆದುಕೊಂಡರೆ ಅದು ಐದೂವರೆ ಪಟ್ಟಿಗೂ ಮಿಗಿಲು. ಅದೇ ವರ್ಷ ಅದೇ ತಂಡದವರು ಇನ್ನೊಂದು ಸೂಕ್ಷ್ಮವನ್ನು ಕಂಡರು. ಆಸ್ಪತ್ರೆಯ ಒಂದಾದರೂ ಚಿಕಿತ್ಸೆಯನ್ನು ಪಡೆಯುತ್ತಲೇ ಪೂರಕ ಪದ್ಧತಿಗಳನ್ನೂ ಹಿಡಿದವರೆಂದು ದಾಖಲಾಗಿದ್ದವರಲ್ಲಿ 100ಕ್ಕೆ 53 ಮಂದಿ ವಿಕಿರಣ ಚಿಕಿತ್ಸೆಯನ್ನು ಬೇಡವೆಂದಿದ್ದರು. ಉಳಿದವರಲ್ಲಿ ಹಾಗೆಂದವರು 100ಕ್ಕೆ ಇಬ್ಬರು ಅಥವಾ ಮೂವರು. ಪೂರಕವೆಂದು ಬಂದದ್ದು ಮೆಲ್ಲನೆ ಬದಲಿಯಾಗಿ ಕುಳಿತುಕೊಳ್ಳುವ ಬಗೆ ಇದು. ಆ ಲೆಕ್ಕಗಳಲ್ಲಿ ಯೋಗವನ್ನು ಬೇರೆಯಾಗಿ ಎಣಿಸಿರಲಿಲ್ಲವೆಂಬುದು ನಿಜ. ಆದರೆ ನಮ್ಮ ವಿದ್ಯಾರ್ಥಿಯ ಮನೆಯಲ್ಲಿ ನಡೆಯುತ್ತಿದ್ದುದು ಇದೇ ಅಲ್ಲವೆ?

'ಸುಡುವ' ಕಿರಣಗಳು

ಬಂಧುಗಳ ಮಾತಿನಲ್ಲಿದ್ದ 'ಸುಡುವ' ಎಂಬ ವಿಶೇಷಣವನ್ನು ಭೌತಶಾಸ್ತ್ರದ ಅಧ್ಯಾಪಕರಾದ ನಾವು ಹಾಗೆಯೇ ಬಿಡುವಂತಿಲ್ಲ. ವಿಕಿರಣದ ಪ್ರಮಾಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೌಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಸ್ತನದ ಕ್ಯಾನ್ಸರಿನಲ್ಲಿ ಈಗ ಬಹುಮಂದಿಗೆ ಕೊಡುವ ಮೊತ್ತ 40 ಗ್ರೇ; ಅದನ್ನು 15 ಕಂತುಗಳಾಗಿ ಮೂರು ವಾರಗಳಲ್ಲಿ ಕೊಡುತ್ತಾರೆ. ಹಿಂದೆ 50 ಗ್ರೇಯನ್ನು 25 ಕಂತುಗಳಲ್ಲಿ ಕೊಡುತ್ತಿದ್ದರು. ಈಚೆಗೆ ಕೆಲವರಿಗೆ 26 ಗ್ರೇಯನ್ನು ಐದೇ ಕಂತುಗಳಲ್ಲಿ ಮುಗಿಸುವ ಕ್ರಮವೂ ಬಂದಿದೆ. ಈಗ ಪುಟ್ಟದೊಂದು ಲೆಕ್ಕ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4,200 ಜೌಲ್ ಶಕ್ತಿ ಬೇಕು. ಹಾಗಿರುವಲ್ಲಿ 40 ಗ್ರೇಯನ್ನು ಒಂದೇ ಏಟಿಗೆ ಕೊಟ್ಟರೂ ಅಂಗಾಂಶದ ಉಷ್ಣತೆ ಏರುವುದು ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟು! ಬೆಳಗಿನ ಒಂದು ಲೋಟ ಕಾಫಿಯಿಂದ ನಮ್ಮ ದೇಹಕ್ಕೆ ಸೇರುವ ಉಷ್ಣವು ಇದರ ನೂರಾರು ಪಟ್ಟು.

ಅಂದಮೇಲೆ ಆ ಕಿರಣಗಳು ಕೊಲ್ಲುವುದಾದರೂ ಹೇಗೆ? ಅವು ಶಕ್ತಿಯನ್ನು ಕಾಫಿಯಂತೆ ಎಲ್ಲೆಡೆಯೂ ಸಮನಾಗಿ ಹಂಚುವುದಿಲ್ಲ. ಅಲ್ಲೊಂದು ಇಲ್ಲೊಂದು ಅಣುವಿಗೆ ಗುಂಡಿನಂತೆ ಹೊಡೆಯುತ್ತವೆ. ಜೀವಕೋಶದೊಳಗಿನ ನೀರಿನ ಅಣುಗಳು ಒಡೆದು ಹೈಡ್ರಾಕ್ಸಿಲ್ ಎಂಬ ಬಲು ಚುರುಕಾದ ತುಣುಕುಗಳು ಹುಟ್ಟುತ್ತವೆ; ಅವು ಕೋಶದ ಆನುವಂಶಿಕ ದ್ರವ್ಯವಾದ ಡಿ.ಎನ್.ಎ. ಎಳೆಯನ್ನು ಕತ್ತರಿಸುತ್ತವೆ. ಆರೋಗ್ಯವಂತ ಕೋಶಕ್ಕೆ ಇಂಥ ಕಡಿತವನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿರುತ್ತದೆ, ಕ್ಯಾನ್ಸರ್ ಕೋಶಕ್ಕೆ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಕಂತುಗಳ ಗುಟ್ಟು ಇದರಲ್ಲಿದೆ. ಇಂದಿನ ಕಂತಿಗೂ ನಾಳಿನ ಕಂತಿಗೂ ನಡುವಣ ರಾತ್ರಿಯಲ್ಲಿ ಒಳ್ಳೆಯ ಕೋಶವು ಚೇತರಿಸಿಕೊಳ್ಳುತ್ತದೆ. ಕೆಟ್ಟದ್ದು ಹಿಂದೆ ಬೀಳುತ್ತದೆ. ಚರ್ಮ ಕೆಂಪಾಗುವುದು ಈ ಗಾಯದಿಂದ, ಬೆಂಕಿಯಿಂದಲ್ಲ.

"ಗಡ್ಡೆ ತೆಗೆದಾಯಿತಲ್ಲ" ಎಂಬ ವಾದಕ್ಕೂ ಉತ್ತರವಿದೆ. ಕಣ್ಣಿಗೆ ಕಾಣುವ ಗಡ್ಡೆ ಹೋದ ಮೇಲೂ ಕಾಣದ ಕೋಶಗಳು ಉಳಿದಿರಬಹುದು. ಸ್ತನವನ್ನು ಉಳಿಸುವ ಶಸ್ತ್ರಚಿಕಿತ್ಸೆಯಾದ 10,801 ಮಹಿಳೆಯರ ವೃತ್ತಾಂತವನ್ನು 17 ಪ್ರಯೋಗಗಳಿಂದ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳೊಳಗೆ ರೋಗ ಮರುಕಳಿಸಿದ್ದು ವಿಕಿರಣ ಪಡೆಯದವರಲ್ಲಿ 100ಕ್ಕೆ 35 ಮಂದಿಗೆ, ಪಡೆದವರಲ್ಲಿ 100ಕ್ಕೆ 19 ಮಂದಿಗೆ. ಈ ಎರಡು ಸಂಖ್ಯೆಗಳನ್ನು ನಮ್ಮ ವಿದ್ಯಾರ್ಥಿ ನೋಟ್‌ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡನು. ಮನೆಯಲ್ಲಿ ತೋರಿಸುವುದಕ್ಕಂತೆ.

ಆಸ್ಪತ್ರೆಯ ಬಾಗಿಲಲ್ಲೇ ಬರುವ ವಾಕರಿಕೆ

ಇನ್ನು ಎರಡನೆಯ ಪ್ರಶ್ನೆ. ಚಿಕಿತ್ಸೆಯ ಬವಣೆ ಎಂಬುದು ಸಣ್ಣ ಮಾತಲ್ಲ. ರಾಸಾಯನಿಕ ಔಷಧಗಳು ರಕ್ತದಲ್ಲಿ ಸೇರಿದಾಗ ಸಣ್ಣ ಕರುಳಿನ ಒಳಪದರದ ಕೆಲವು ಕೋಶಗಳು ಸೆರೊಟೊನಿನ್ ಎಂಬ ರಸವನ್ನು ಚೆಲ್ಲುತ್ತವೆ. ಅದು ವೇಗಸ್ ನರದ ತುದಿಗಳನ್ನು ಕೆರಳಿಸುತ್ತದೆ. ಸುದ್ದಿ ಮಿದುಳಿನ ಬುಡಕ್ಕೆ ತಲಪಿ ವಾಂತಿಯಾಗುತ್ತದೆ. ಆಂಡಾನ್‌ಸೆಟ್ರಾನ್ ಮೊದಲಾದ ಔಷಧಗಳು ಈ ಸುದ್ದಿಯನ್ನು ನಡುದಾರಿಯಲ್ಲೇ ತಡೆಯುತ್ತವೆ. ಅವು ಬಂದ ಮೇಲೆ ರೋಗಿಗಳ ಪಾಡು ಬಹುವಾಗಿ ಸುಧಾರಿಸಿತು.

ಆದರೆ ಇನ್ನೊಂದು ವಾಕರಿಕೆಯುಂಟು. ಅದು ಔಷಧ ದೇಹಕ್ಕೆ ಸೇರುವ ಮುನ್ನವೇ ಬರುತ್ತದೆ. ಎರಡು ಮೂರು ಸುತ್ತಿನ ಚಿಕಿತ್ಸೆ ಕಂಡ ರೋಗಿಗೆ ನಾಲ್ಕನೆಯ ಸಲ ಆಸ್ಪತ್ರೆಯ ಗೇಟು ಕಂಡೊಡನೆಯೇ, ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದೊಡನೆಯೇ ಹೊಟ್ಟೆ ತೊಳಸತೊಡಗುತ್ತದೆ. ರಷ್ಯದ ವಿಜ್ಞಾನಿ ಪಾವ್ಲಾವ್ ನಾಯಿಗಳಲ್ಲಿ ತೋರಿಸಿಕೊಟ್ಟ ವಿದ್ಯಮಾನ ಇದೇ. ಆಹಾರದೊಡನೆ ಪದೇಪದೇ ಒಂದು ಸದ್ದನ್ನು ಕೇಳಿಸಿದರೆ ಕೊನೆಗೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಗೇಟು, ವಾಸನೆ, ದಾದಿಯ ಬಿಳಿ ಉಡುಪುಗಳೇ ಆ ಸದ್ದು. ಕರುಳಿನಲ್ಲಿ ಇನ್ನೂ ಸೆರೊಟೊನಿನ್ ಚೆಲ್ಲಿರುವುದಿಲ್ಲವಾದ್ದರಿಂದ ಮೇಲೆ ಹೇಳಿದ ಔಷಧಗಳು ಇದರ ಮುಂದೆ ಸೋಲುತ್ತವೆ. ಹೆದರಿಕೆಯೊಡನೆ ಕಲಿತ ಪಾಠವನ್ನು ನೆಮ್ಮದಿಯೊಡನೆ ಮರೆಯಬೇಕು. ಔಷಧದ ಅಂಗಡಿಯಲ್ಲಿ ಅದು ದೊರೆಯುವುದಿಲ್ಲ. ಯೋಗಾಭ್ಯಾಸಕ್ಕೆ ಇಲ್ಲಿ ಒಂದು ಸಹಜವಾದ ಸ್ಥಾನವಿರುವಂತೆ ತೋರುವುದಲ್ಲವೆ?

ಇದನ್ನು ಪರೀಕ್ಷಿಸಿದವರು ನಮ್ಮ ಬೆಂಗಳೂರಿನವರೇ ಎಂಬುದು ಸಂತೋಷದ ಸಂಗತಿ. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಎಚ್. ಆರ್. ನಾಗೇಂದ್ರ, ಆರ್. ನಾಗರತ್ನ ಮತ್ತು ಅವರ ಸಂಗಡಿಗರು ಸ್ತನದ ಕ್ಯಾನ್ಸರಿಗೆ ರಾಸಾಯನಿಕ ಚಿಕಿತ್ಸೆ ಪಡೆಯುತ್ತಿದ್ದ 62 ಮಹಿಳೆಯರನ್ನು, ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಿದರು. 28 ಮಂದಿಗೆ ದಿನಕ್ಕೆ ಒಂದು ಗಂಟೆಯಂತೆ ಯೋಗಾಭ್ಯಾಸ. ಉಳಿದ 34 ಮಂದಿಗೆ ಆಸ್ಪತ್ರೆಗೆ ಬಂದಾಗಲೆಲ್ಲ ಧೈರ್ಯ, ಸಮಾಧಾನಗಳ ಮಾತುಕತೆ. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಯೋಗದ ಗುಂಪಿನಲ್ಲಿ ಚಿಕಿತ್ಸೆಯ ನಂತರದ ವಾಕರಿಕೆಯು ಎಷ್ಟು ಸಲ ಬಂದಿತೆಂಬುದೂ ಅದರ ತೀವ್ರತೆಯೂ ಕಡಿಮೆಯಾಗಿದ್ದುವು. ಚಿಕಿತ್ಸೆಗೆ ಮುಂಚಿನ ವಾಕರಿಕೆಯ ತೀವ್ರತೆಯೂ ತಗ್ಗಿದ್ದಿತು. ಹೋಲಿಕೆಯ ಗುಂಪನ್ನು ಸುಮ್ಮನೆ ಕೂರಿಸದೆ ಅವರಿಗೂ ಆರೈಕೆಯ ಮಾತು ಕೊಟ್ಟದ್ದು ಈ ಪ್ರಯೋಗದ ಜಾಣತನವೆಂದು ನಮಗೆ ತೋರುತ್ತದೆ. ಯಾರೋ ಒಬ್ಬರು ತನ್ನನ್ನು ವಿಚಾರಿಸುತ್ತಿದ್ದಾರೆಂಬ ಭಾವನೆಯಿಂದಲೇ ರೋಗಿಗೆ ಅರ್ಧ ಗುಣ ಕಾಣುವುದುಂಟಷ್ಟೆ.

ಅದೇ ಕೇಂದ್ರದವರು ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 88 ಮಂದಿಯನ್ನು ಆರು ವಾರ ಗಮನಿಸಿ 2009ರಲ್ಲಿ ವರದಿ ಕೊಟ್ಟರು. ಯೋಗ ಮಾಡಿದವರಲ್ಲಿ ಆತಂಕ, ಖಿನ್ನತೆಗಳು ಇಳಿದಿದ್ದುವು. ಬೆಳಗಿನ ಆರು ಗಂಟೆಗೆ ಜೊಲ್ಲಿನಲ್ಲಿ ಅಳೆದ ಕಾರ್ಟಿಸಾಲ್ ಎಂಬ ಉದ್ವೇಗದ ಹಾರ್ಮೋನೂ ಇಳಿದಿದ್ದಿತು. ಮುಂದೆ ಇದೇ ಸಂಸ್ಥೆಯ ಅಭ್ಯಾಸಕ್ರಮವನ್ನು ಅಮೆರಿಕದ ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಪರೀಕ್ಷೆಗೊಡ್ಡಿದರು. 2014ರಲ್ಲಿ ಹೊರಬಂದ ಆ ಪರೀಕ್ಷೆಯಲ್ಲಿ ಮೂರು ಗುಂಪುಗಳು: ಯೋಗ ಮಾಡಿದ 53 ಮಂದಿ, ಬರಿಯ ಮೈ ಸೆಳೆತದ ವ್ಯಾಯಾಮ ಮಾಡಿದ 56 ಮಂದಿ, ಏನನ್ನೂ ಮಾಡದೆ ಸರದಿ ಕಾದ 54 ಮಂದಿ. ಆಯಾಸವು ಯೋಗದಿಂದಲೂ ಇಳಿಯಿತು, ಮೈ ಸೆಳೆತದಿಂದಲೂ ಇಳಿಯಿತು! ಆದರೆ ದಿನನಿತ್ಯದ ಓಡಾಟ, ಕೆಲಸಗಳ ಸಾಮರ್ಥ್ಯದಲ್ಲಿ ಯೋಗದವರು ಆರು ತಿಂಗಳ ನಂತರವೂ ಮುಂದಿದ್ದರು. ನಿದ್ರೆಯಲ್ಲಾಗಲಿ ಮನಸ್ಸಿನ ಸ್ಥಿತಿಯಲ್ಲಾಗಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹೀಗೆ ಒಂದು ಕಡೆ ಹೌದು, ಒಂದು ಕಡೆ ಇಲ್ಲ ಎನ್ನುವ ವರದಿಯೇ ನಂಬಿಕೆಗೆ ಹೆಚ್ಚು ಅರ್ಹ. ಎಲ್ಲದಕ್ಕೂ ಹೌದೆನ್ನುವ ಔಷಧವನ್ನು ಜಾತ್ರೆಯಲ್ಲಿ ಮಾರುತ್ತಾರೆ.

ಆಯಾಸದ ವಿಚಾರದಲ್ಲಿ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಗದ್ದೆಯಲ್ಲಿ ದುಡಿದವನ ದಣಿವು ಮಲಗಿ ಎದ್ದರೆ ಹೋಗುತ್ತದೆ. ಕ್ಯಾನ್ಸರ್ ರೋಗಿಯ ಆಯಾಸ ಹಾಗಲ್ಲ. ಮಲಗಿದಷ್ಟೂ ಅದು ಹೆಚ್ಚುವುದುಂಟು. "ಪಾಪ, ಮಲಗಿರಲಿ" ಎಂದು ಮನೆಮಂದಿ ತೋರುವ ಮಮತೆ ಕೆಲವೊಮ್ಮೆ ಅಪಕಾರವೇ ಆಗುತ್ತದೆ. ಚಿಕಿತ್ಸೆ ಮುಗಿಸಿದ 200 ಮಹಿಳೆಯರಲ್ಲಿ ಕೆಲವರಿಗೆ ಓಹಾಯೊ ರಾಜ್ಯದಲ್ಲಿ 12 ವಾರ ಯೋಗ ಕಲಿಸಿ ಉಳಿದವರೊಡನೆ ಹೋಲಿಸಿ ನೋಡಿದಾಗ, ತರಗತಿ ಮುಗಿದ ದಿನ ಆಯಾಸದಲ್ಲಿ ಸ್ಪಷ್ಟ ವ್ಯತ್ಯಾಸವಿರಲಿಲ್ಲ. ಮೂರು ತಿಂಗಳ ಮೇಲೆ ನೋಡಿದರೆ ಯೋಗದವರ ಆಯಾಸ ಅರ್ಧಕ್ಕಿಂತಲೂ ಕೆಳಗಿಳಿದಿದ್ದಿತು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಕೆಲವು ವಸ್ತುಗಳೂ ಇಳಿದಿದ್ದುವು. ಸ್ತನದ ಕ್ಯಾನ್ಸರಿನ ಮಟ್ಟಿಗೆ ಇಂಥ 24 ಪ್ರಯೋಗಗಳನ್ನು, ಎಂದರೆ 2,166 ಮಂದಿಯ ಅನುಭವವನ್ನು, ಕಾಕ್ರೇನ್ ಸಂಸ್ಥೆಯವರು 2017ರಲ್ಲಿ ತೂಗಿ ನೋಡಿದರು. ಏನೂ ಮಾಡದಿರುವುದಕ್ಕಿಂತ ಯೋಗವು ಮೇಲು. ಆಯಾಸ, ನಿದ್ರಾಭಂಗಗಳು ಅದರಿಂದ ಇಳಿಯುತ್ತವೆ. ಇತರ ವ್ಯಾಯಾಮಗಳಷ್ಟೇ ಅದೂ ಫಲಕಾರಿಯಾಗಬಹುದು ಎಂಬುದು ಅವರ ತೀರ್ಮಾನದ ತಿರುಳು. ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಸ್ತನದ ಕ್ಯಾನ್ಸರ್ ಇರುವ ಮಹಿಳೆಯರಲ್ಲಿ. ಅದನ್ನು ಹಾಗೆಯೇ ಗಂಟಲಿನ ಅಥವಾ ಶ್ವಾಸಕೋಶದ ಕ್ಯಾನ್ಸರಿಗೆ ಅನ್ವಯಿಸುವುದು ಅವಸರವಾದೀತು.

ಉಯ್ಯಾಲೆಯಂತೆ ತೂಗುವ ಹೃದಯ

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಉಸಿರಿನ ಭೌತಶಾಸ್ತ್ರ. ಓದುಗರು ಈ ಸಣ್ಣ ಪ್ರಯೋಗವನ್ನು ಈಗಲೇ ಮಾಡಿ ನೋಡಬಹುದು. ಎಡಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳುಗಳನ್ನಿಟ್ಟು ನಾಡಿಯನ್ನು ಹಿಡಿಯಿರಿ. ಐದು ಎಣಿಸುವವರೆಗೆ ನಿಧಾನವಾಗಿ ಉಸಿರನ್ನು ಒಳಕ್ಕೆಳೆದು, ಐದು ಎಣಿಸುವವರೆಗೆ ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ತುಸು ಚುರುಕಾಗುವುದೂ ಬಿಡುವಾಗ ತುಸು ನಿಧಾನವಾಗುವುದೂ ನಾಲ್ಕೈದು ಉಸಿರುಗಳೊಳಗೆ ಗೊತ್ತಾಗುತ್ತದೆ. ಎಳೆಯರಲ್ಲಿ ಬಹಳ ಸ್ಪಷ್ಟವಾಗಿಯೇ ಗೊತ್ತಾಗುತ್ತದೆ. ಹೃದಯಕ್ಕೆ ಲಗಾಮು ಹಾಕುವ ವೇಗಸ್ ನರವು ಶ್ವಾಸ ಬಿಡುವಾಗ ಲಗಾಮನ್ನು ಬಿಗಿಯುತ್ತದೆ, ಎಳೆಯುವಾಗ ಸಡಿಲಿಸುತ್ತದೆ.

ಇದರೊಡನೆ ಇನ್ನೊಂದು ಏರ್ಪಾಡು ಸೇರಿಕೊಂಡಿದೆ. ಕತ್ತಿನ ಮತ್ತು ಎದೆಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಒತ್ತಡವನ್ನು ಅಳೆಯುವ ನರತುದಿಗಳಿವೆ. ರಕ್ತದೊತ್ತಡ ಏರಿದರೆ ಅವು ಸುದ್ದಿ ಕಳುಹಿಸಿ ಹೃದಯವನ್ನು ನಿಧಾನಗೊಳಿಸುತ್ತವೆ, ಇಳಿದರೆ ಚುರುಕುಗೊಳಿಸುತ್ತವೆ. ಆದರೆ ಸುದ್ದಿ ಹೋಗಿ ಫಲ ಕಾಣುವುದಕ್ಕೆ ಕೆಲವು ಸೆಕೆಂಡುಗಳ ತಡ. ಹೀಗೆ ತಡವಾಗಿ ತಿದ್ದುವ ಯಾವ ವ್ಯವಸ್ಥೆಯೇ ಆಗಲಿ ತನ್ನದೇ ಆದ ಒಂದು ಕಾಲಾವಧಿಯಲ್ಲಿ ತೂಗಾಡುತ್ತದೆ; ಇದರ ಅವಧಿ ಸುಮಾರು 10 ಸೆಕೆಂಡು. ಉಯ್ಯಾಲೆಯನ್ನು ಅದರ ಸಹಜ ಅವಧಿಗೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳುಗಳಿಗೇ ಅದು ದೊಡ್ಡದಾಗಿ ತೂಗುವುದನ್ನು ಅನುನಾದವೆಂದು ತರಗತಿಯಲ್ಲಿ ಕಲಿಸುತ್ತೇವೆ. ಸಾಧಾರಣವಾಗಿ ನಾವು ನಿಮಿಷಕ್ಕೆ 15 ಸಲದ ಆಸುಪಾಸಿನಲ್ಲಿ ಉಸಿರಾಡುತ್ತೇವೆ. ಅದನ್ನು 6ಕ್ಕೆ ಇಳಿಸಿದರೆ ಒಂದು ಉಸಿರಿಗೆ 10 ಸೆಕೆಂಡು. ಆಗ ಉಸಿರಿನ ತಳ್ಳು ಆ ಉಯ್ಯಾಲೆಯ ಅವಧಿಗೆ ಸರಿಹೊಂದಿ, ಹೃದಯದ ಗತಿ ಏರಿಳಿಯುವ ಹರವು ಅತ್ಯಂತ ಹೆಚ್ಚಾಗುತ್ತದೆ.

2001ರಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ ಒಂದು ಚೋದ್ಯವನ್ನು ಕಂಡರು. ಕ್ರೈಸ್ತರು ಜಪಮಾಲೆ ಹಿಡಿದು ಲ್ಯಾಟಿನ್ನಿನಲ್ಲಿ ಹೇಳುವ ಮರಿಯಾ ಸ್ತೋತ್ರವಾಗಲಿ, 'ಓಂ ಮಣಿ ಪದ್ಮೇ ಹುಂ' ಎಂಬ ಮಂತ್ರವಾಗಲಿ, ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೇ ತಂದು ನಿಲ್ಲಿಸುತ್ತಿದ್ದುವು. ಪ್ರಾರ್ಥನೆಯನ್ನು ಕಟ್ಟಿದವರಿಗೆ ಅನುನಾದದ ಸಮೀಕರಣ ತಿಳಿದಿರಲಿಲ್ಲ. ಯಾವ ಲಯದಲ್ಲಿ ಮನಸ್ಸು ತಂಪಾಗುವುದೆಂಬುದು ತಿಳಿದಿದ್ದಿತು. ಇಲ್ಲಿಂದ ಹಾರಿ "ಆದ್ದರಿಂದ ಪ್ರಾಣಾಯಾಮವು ಗಡ್ಡೆಗೆ ಹೆಚ್ಚು ಆಮ್ಲಜನಕ ಕೊಟ್ಟು ಕರಗಿಸುತ್ತದೆ" ಎನ್ನುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಆರೋಗ್ಯವಂತನ ರಕ್ತವು ಸಾಧಾರಣ ಉಸಿರಾಟದಲ್ಲಿಯೇ ಆಮ್ಲಜನಕದಿಂದ ಹೆಚ್ಚುಕಡಿಮೆ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನಷ್ಟು ಸುರಿದು ಫಲವಿಲ್ಲ.

ಉಸಿರನ್ನು ಬಿಗಿಹಿಡಿಯುವುದರಿಂದ ಆಸ್ಪತ್ರೆಯಲ್ಲಿ ನೇರವಾಗಿ ಪ್ರಯೋಜನ ಪಡೆಯುವ ಒಂದು ಸಂದರ್ಭ ಮಾತ್ರ ನಿಜವಾಗಿ ಉಂಟು. ಅದು ನಮ್ಮ ವಿದ್ಯಾರ್ಥಿಯ ತಾಯಿಗೆ ಸಂಬಂಧಿಸಿದ್ದೇ. ಎಡಸ್ತನದ ಹಿಂದೆಯೇ ಹೃದಯವಿದೆ. ಅಲ್ಲಿಗೆ ಬಿಡುವ ಕಿರಣದ ಅಂಚು ಹೃದಯಕ್ಕೂ ತಗಲಬಹುದು. ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಒಂದು ಗ್ರೇ ಹೆಚ್ಚಿದರೆ ಮುಂದಿನ ವರ್ಷಗಳಲ್ಲಿ ಹೃದ್ರೋಗದ ಸಂಭವವು ಸುಮಾರು ಶೇಕಡ 7.4ರಷ್ಟು ಏರುವುದೆಂದು 2013ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಹೇಳುತ್ತದೆ. ಇದಕ್ಕೊಂದು ಸುಲಭೋಪಾಯ ದೊರೆತಿದೆ. ರೋಗಿಯು ಆಳವಾಗಿ ಉಸಿರೆಳೆದು ಸುಮಾರು 20 ಸೆಕೆಂಡು ಹಿಡಿದಿಟ್ಟರೆ ಶ್ವಾಸಕೋಶಗಳು ಉಬ್ಬುತ್ತವೆ, ವಪೆ ಕೆಳಗಿಳಿಯುತ್ತದೆ, ಅದರೊಡನೆ ಹೃದಯವೂ ಎದೆಗೋಡೆಯಿಂದ ದೂರ ಸರಿಯುತ್ತದೆ. ಆ ಹೊತ್ತಿನಲ್ಲಿ ಮಾತ್ರ ಕಿರಣವನ್ನು ಬಿಡುತ್ತಾರೆ. ಉಸಿರು ಬಿಟ್ಟೊಡನೆ ಯಂತ್ರವನ್ನು ತಡೆಯುತ್ತಾರೆ. ಯೋಗಿಗಳು ಅಂತರ ಕುಂಭಕವೆಂದು ಕರೆಯುವುದಕ್ಕೂ ಇದಕ್ಕೂ ಹೊರನೋಟದಲ್ಲಿ ಭೇದವಿಲ್ಲ. ಆದರೆ ಇಲ್ಲಿ ಎಷ್ಟು ಹೊತ್ತು ಹಿಡಿದೆವೆಂಬ ಹೆಗ್ಗಳಿಕೆಗೆ ಬೆಲೆಯಿಲ್ಲ. ಪ್ರತಿ ಸಲವೂ ಎದೆ ಅಷ್ಟೇ ಎತ್ತರಕ್ಕೆ, ಕೆಲವೇ ಮಿಲಿಮೀಟರುಗಳ ಅಂತರದೊಳಗೆ, ಬಂದು ನಿಲ್ಲಬೇಕು. ಆ ಎತ್ತರವನ್ನು ಹೇಳುವವನು ಯಂತ್ರದ ಬಳಿ ನಿಂತ ತಂತ್ರಜ್ಞನೇ ಹೊರತು ಯೋಗದ ಗುರುವಲ್ಲ.

ಬೆಳ್ಳೂರಿನಿಂದ ಲಾಸ್ ಏಂಜಲಿಸಿಗೆ

ಯೋಗವೆಂದರೆ ತಲೆ ಕೆಳಗಾಗಿ ನಿಲ್ಲುವುದು, ಕಾಲನ್ನು ಕತ್ತಿಗೆ ಸುತ್ತುವುದು ಎಂದು ತಿಳಿದವರು, ಹಾಸಿಗೆ ಹಿಡಿದವರು ಅದನ್ನು ಮಾಡುವುದೆಂತು ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಕೊಟ್ಟವರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಮುಖ್ಯರು. ಬಾಲ್ಯದಲ್ಲಿ ಅವರೇ ನಿತ್ಯರೋಗಿ. 1930ರ ದಶಕದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ತಮ್ಮ ಭಾವ ತಿರುಮಲೆ ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಪುಣೆಗೆ ಹೋಗಿ ನೆಲೆಸಿದರು. ಮೈ ಬಗ್ಗದವರಿಗಾಗಿ ಅವರು ದಿಂಬು, ಕುರ್ಚಿ, ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳನ್ನು ಆಸನಗಳಲ್ಲಿ ಬಳಕೆಗೆ ತಂದರು. ದೇಹವನ್ನು ಆಸನಕ್ಕೆ ಒಗ್ಗಿಸುವ ಬದಲು ಆಸನವನ್ನೇ ದೇಹಕ್ಕೆ ಒಗ್ಗಿಸಿದ ಈ ಪದ್ಧತಿಯು ದುರ್ಬಲರಿಗೆ ವರವಾಯಿತು. ಲಾಸ್ ಏಂಜಲಿಸ್ ನಗರದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಚಿಕಿತ್ಸೆ ಮುಗಿದರೂ ಆಯಾಸ ಬಿಡದ 31 ಮಹಿಳೆಯರಲ್ಲಿ ಕೆಲವರಿಗೆ ಅಯ್ಯಂಗಾರ್ ಕ್ರಮದ ಯೋಗವನ್ನೂ ಕೆಲವರಿಗೆ ಆರೋಗ್ಯದ ಪಾಠಗಳನ್ನೂ 12 ವಾರ ಕೊಟ್ಟರು. ಆಯಾಸ ಗಣನೀಯವಾಗಿ ಇಳಿದದ್ದು ಯೋಗದವರಲ್ಲಿ. 31 ಎಂಬುದು ಸಣ್ಣ ಸಂಖ್ಯೆ, ನಿಜ.

ಶೇಕಡ 15 ಎಂದರೆ ಎಷ್ಟು?

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಎರಡು ತೊಡಕುಗಳನ್ನು ಗಮನಿಸಬೇಕು. ಒಂದು, ಗುಳಿಗೆಯ ಪರೀಕ್ಷೆಯಲ್ಲಿ ಸಕ್ಕರೆಯ ಗುಳಿಗೆ ಕೊಟ್ಟು ರೋಗಿಗೆ ತಿಳಿಯದಂತೆ ಹೋಲಿಸಬಹುದು. ತಾನು ಯೋಗ ಮಾಡುತ್ತಿದ್ದೇನೆಂಬುದು ತಿಳಿಯದಂತೆ ಯಾರಿಂದಲೂ ಯೋಗ ಮಾಡಿಸಲಾಗದು. "ಆಯಾಸ ಹೇಗಿದೆ?" ಎಂದು ಕೇಳಿದಾಗ ನಿರೀಕ್ಷೆಯೂ ಉತ್ತರದಲ್ಲಿ ಬೆರೆಯುತ್ತದೆ.

ಇನ್ನೊಂದು ತೊಡಕು ಸಂಖ್ಯೆಗಳದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಸ್ತನದ ಕ್ಯಾನ್ಸರಿನ 850 ಮಂದಿಯಲ್ಲಿ ಯೋಗವನ್ನು ಚಿಕಿತ್ಸೆಯ ಜೊತೆಗೆ ಸೇರಿಸಿ ನೋಡಿದ ದೊಡ್ಡ ಪ್ರಯೋಗದ ಸುದ್ದಿ 2022ರಲ್ಲಿ ಹೊರಬಂದಿತು. ರೋಗ ಮರುಕಳಿಸದೆ ಬಾಳುವ ವಿಚಾರದಲ್ಲಿ ಶೇಕಡ 15ರಷ್ಟು ಸಾಪೇಕ್ಷ ಸುಧಾರಣೆ ಎಂದು ಅದರಲ್ಲಿದ್ದಿತು. ಅದನ್ನು 'ನೂರಕ್ಕೆ ಹದಿನೈದು ಮಂದಿ ಯೋಗದಿಂದ ಗುಣವಾದರು' ಎಂದು ಓದಿಕೊಂಡವರನ್ನು ನಾವು ಬಲ್ಲೆವು. 'ಸಾಪೇಕ್ಷ' ಎಂಬ ಮಾತಿನ ಅರ್ಥ ಬೇರೆ. ಉದಾಹರಣೆಗೆ, 425 ಜನರ ಎರಡು ಗುಂಪುಗಳಿದ್ದು, ಒಂದರಲ್ಲಿ 100ಕ್ಕೆ 20 ಮಂದಿಗೆ ರೋಗ ಮರುಕಳಿಸುತ್ತದೆಂದು ಭಾವಿಸೋಣ. ಶೇಕಡ 15ರ ಸಾಪೇಕ್ಷ ಇಳಿತವೆಂದರೆ ಇನ್ನೊಂದರಲ್ಲಿ 100ಕ್ಕೆ 17. ಎರಡು ಗುಂಪುಗಳ ಲೆಕ್ಕದಲ್ಲಿ ಬರುವ ಅಂತರ 13 ಜನರದು. ನಾಣ್ಯ ಚಿಮ್ಮುವ ಲೆಕ್ಕವನ್ನು ಬಲ್ಲವರು ಕಂಡುಕೊಳ್ಳಬಹುದು: ಏನೂ ವ್ಯತ್ಯಾಸವಿರದ ಎರಡು ಗುಂಪುಗಳಲ್ಲಿಯೂ ಬರಿಯ ಆಕಸ್ಮಿಕದಿಂದ 12 ಜನರಷ್ಟು ಅಂತರ ಬರುವುದು ತೀರ ಸಾಮಾನ್ಯ. ಆ ಎರಡೂ ಗುಂಪುಗಳವರೂ ಆಸ್ಪತ್ರೆಯ ಚಿಕಿತ್ಸೆಯನ್ನು ಪಡೆದವರೇ ಎಂಬುದನ್ನಂತೂ ಸುದ್ದಿ ಹರಡಿದವರು ಹೇಳುವುದನ್ನೇ ಮರೆತರು.

ಯಾರು ಏನನ್ನು ಮಾಡಬಾರದು

ಯೋಗವು ನಿರಪಾಯಕಾರಿ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಮೂಳೆ ಒಳಗೊಳಗೇ ಟೊಳ್ಳಾಗಿರುತ್ತದೆ. ಬೆನ್ನನ್ನು ತಿರುಚುವ, ಬಾಗಿಸುವ, ಭಾರ ಹೊರುವ ಆಸನದಿಂದ ಅದು ಮುರಿಯಬಹುದು. ರಾಸಾಯನಿಕ ಚಿಕಿತ್ಸೆಯಾದ ಒಂದೆರಡು ವಾರಗಳಲ್ಲಿ ಬಿಳಿಯ ರಕ್ತಕಣಗಳು ಬಹಳ ಇಳಿದಿರುತ್ತವೆ. ಆಗ ಹತ್ತು ಜನ ಸೇರುವ ತರಗತಿಗಿಂತ ಮನೆಯ ಕೋಣೆಯೇ ಲೇಸು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಿರುವಾಗ ಬಿದ್ದರೆ ಒಳಗೆ ರಕ್ತಸ್ರಾವವಾದೀತು; ಒಂಟಿಕಾಲಿನ ಆಸನಗಳು ಸಲ್ಲವು. ರಕ್ತ ತೆಳುವಾಗಿದ್ದರೆ ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುತ್ತದೆ. ಕಂಕುಳ ಗ್ರಂಥಿಗಳನ್ನು ತೆಗೆದಿದ್ದರೆ ಆ ತೋಳಿನ ಮೇಲೆ ಮೈಭಾರ ಹಾಕುವುದಕ್ಕೆ ಮುನ್ನ ಶಸ್ತ್ರವೈದ್ಯರನ್ನು ಕೇಳಬೇಕು. ಕಪಾಲಭಾತಿ, ಭಸ್ತ್ರಿಕಾ ಮೊದಲಾದ ರಭಸದ ಉಸಿರಾಟ, ಶೀರ್ಷಾಸನ, ಉಪವಾಸ, ವಮನಧೌತಿ ಇವು ಚಿಕಿತ್ಸೆಯ ಕಾಲಕ್ಕೆ ಹೇಳಿದವಲ್ಲ. ಕಲಿಸುವವರಿಗೆ ರೋಗದ ವಿವರವನ್ನೂ, ಚಿಕಿತ್ಸೆ ಮಾಡುವವರಿಗೆ ಯೋಗದ ವಿವರವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ವೈದ್ಯರು ಬೈದಾರೆಂಬ ಅಳುಕಿನಿಂದ ಹೇಳದೆ ಉಳಿಯುವವರೇ ನಮ್ಮಲ್ಲಿ ಹೆಚ್ಚು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು 2023ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಕೂಡಿ ಹೊರಡಿಸಿದ ಮಾರ್ಗದರ್ಶಿಯಲ್ಲಿಯೇ, ಚಿಕಿತ್ಸೆಯ ವೇಳೆಯ ಆತಂಕಕ್ಕೆ ಸೂಚಿಸಬಹುದಾದ ಕ್ರಮಗಳಲ್ಲಿ ಯೋಗವನ್ನು ಸೇರಿಸಿರುವಾಗ ಅಳುಕಿಗೆ ಕಾರಣವಿಲ್ಲ.

ನಮ್ಮ ವಿದ್ಯಾರ್ಥಿಯ ತಾಯಿ 15 ಕಂತುಗಳನ್ನೂ ಮುಗಿಸಿದರು. ಉಸಿರು ಹಿಡಿಯುವ ವಿಧಾನವನ್ನು ಆಸ್ಪತ್ರೆಯಲ್ಲಿಯೇ ಎರಡು ದಿನ ಮುಂಚೆ ಕಲಿಸಿದರಂತೆ. ಮನೆಯಲ್ಲಿ ಶವಾಸನ ಮಾಡುವುದು ಮಾತ್ರ ಅವರಿಂದಾಗಲಿಲ್ಲ. ಕಣ್ಣು ಮುಚ್ಚಿದೊಡನೆ ಕುಕ್ಕರಿನ ಕೂಗು ಎಷ್ಟಾಯಿತೆಂಬ ಲೆಕ್ಕ ತಲೆಗೆ ಬರುತ್ತಿದ್ದಿತಂತೆ. ಅದಕ್ಕೆ ಬದಲು ದಿನವೂ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಐದು ಎಣಿಸಿ ಎಳೆದು ಐದು ಎಣಿಸಿ ಬಿಡುವುದನ್ನು ರೂಢಿಸಿಕೊಂಡರು. ಮಗನು ಪಕ್ಕದಲ್ಲಿ ಕುಳಿತು ಅವರ ನಾಡಿಯನ್ನು ಎಣಿಸಿ ಬರೆದಿಟ್ಟಿದ್ದಾನೆ. ಆ ಪುಸ್ತಕವನ್ನು ಈಚೆಗೆ ನಮಗೆ ತೋರಿಸಿದನು. ಬಸ್ಸಿನ ಕುಲುಕಾಟದಲ್ಲಿ ಅಂಕಿಗಳು ಅಷ್ಟೇನೂ ನಂಬತಕ್ಕವಾಗಿರಲಿಲ್ಲ. ಎರಡು ಪುಟಗಳಲ್ಲಿ ಎಣಿಕೆ ನಡುವೆಯೇ ನಿಂತಿದ್ದಿತು. ಏಕೆಂದು ಕೇಳಿದರೆ, "ಅಮ್ಮ ನಿದ್ದೆ ಹೋಗಿದ್ದರು ಸಾರ್" ಎಂದನು.